ಖಲಾಸ್ ಎಂದ ಬಾಯಿ

ಕಳೆದ ವಾರ ಕೊಲ್ಲಿ ನಾಡಿನ ಸೀಬ್‌ನ ನಮ್ಮ ಫ್ಲ್ಯಾಟಿನಲ್ಲಿ ಎ.ಸಿ.ಯ ನೀರು ಸೋರಿ, ಶೋಕೇಸಿನ ಮೇಲಿದ್ದ ಜೇಡಿಮಣ್ಣಿನ ತಲೆಯೊಂದು ನೆನೆಯಿತು. ಮಳೆಯೇ ಅಪರೂಪವಾದ ಈ ಊರಿನಲ್ಲಿ, ಮುಚ್ಚಿದ ಕಿಟಕಿಗಳ ಒಳಗೆ, ಹಸಿಮಣ್ಣಿನ ವಾಸನೆ ಎದ್ದಿತು. ಅದರ ಹಿಂದೆಯೇ ಮೇಲಿನ ಮನೆಯಲ್ಲಿದ್ದ ಡ್ರಾಯಿಂಗ್ ಟೀಚರ್ ನೆನಪಾಗಿ ಬಂದರು... ಕೈತುಂಬ ಮಣ್ಣು, ದುಪಟ್ಟಾದ ತುದಿಯಲ್ಲಿ ಬಣ್ಣ.

ಅವರಿಗೆ ಬಾರದ ಕೆಲಸವಿರಲಿಲ್ಲ. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಇಲ್ಲಿನ ನಮ್ಮ ಕನ್ನಡ ಸಂಘದ ಯಕ್ಷಗಾನಕ್ಕೆ ಬಣ್ಣ ಹಚ್ಚುತ್ತಿದ್ದರು. ಚೌತಿಗೆ ಗಣಪತಿಯನ್ನು ಮಾಡುತ್ತಿದ್ದರು. ಮರದ ಅಚ್ಚು ಕೊರೆದು ಆಮಂತ್ರಣ ಮುದ್ರಿಸುತ್ತಿದ್ದರು. ಸಂಘದ ಅಧ್ಯಕ್ಷರು ಅವರನ್ನು 'ಆಲ್‌ರೌಂಡರ್' ಎನ್ನುತ್ತಿದ್ದರು. ಅದು ಹೊಗಳಿಕೆಯಲ್ಲ. "ಎಲ್ಲ ಸ್ವಲ್ಪ ಸ್ವಲ್ಪ ಗೊತ್ತುಂಟು, ಪೂರ್ತಿ ಯಾವುದೂ ಇಲ್ಲ" ಎಂದು ನನ್ನೆದುರಿಗೇ ನಕ್ಕಿದ್ದರು. ಆ ನಗುವನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಒಬ್ಬ ಫ್ರೆಂಚ್ ಕಲಾವಿದನ ಬದುಕನ್ನು ನಮ್ಮ ಜನರ ಮುಂದೆ ಹೇಳಬೇಕೆಂಬುದು ಟೀಚರ ಬಹುಕಾಲದ ಆಸೆ. ಗಾಜು ಕೂರಿಸುವವನ ಮಗ ಅವನು. ಕಲ್ಲಚ್ಚಿನಲ್ಲಿ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದ. ರಾಜನನ್ನೇ ಗೇಲಿ ಮಾಡಿ ಸೆರೆಮನೆ ಕಂಡ. ಅಧಿಕಾರಸ್ಥರ ಮುಖಗಳನ್ನು ಜೇಡಿಮಣ್ಣಿನಲ್ಲಿ ತಿದ್ದಿದ. ಬಟ್ಟೆಯ ಗಂಟು ಹೊತ್ತು ನದಿಯಿಂದ ಮೇಲೇರುವ ಹೆಂಗಸರನ್ನು ತೈಲವರ್ಣದಲ್ಲಿ ಬರೆದ. ಅವನನ್ನೂ ಜನ ಬರೀ ನಗಿಸುವವನೆಂದೇ ಬಗೆದರಂತೆ. ಅವನಿಗೆ ಬೆಲೆ ಸಿಕ್ಕರೆ ತಮಗೂ ಸಿಕ್ಕಂತೆ ಎಂದು ಟೀಚರಿಗೆ ಅನಿಸಿರಬೇಕು.

ಬಹಳ ಕೇಳಿಕೊಂಡ ಮೇಲೆ ವಾರ್ಷಿಕ ಸಭೆಯಲ್ಲಿ ಊಟಕ್ಕೆ ಮುಂಚಿನ ವೇಳೆಯನ್ನು ಕೊಟ್ಟರು. ಆ ಕಲಾವಿದನ ಹೆಸರು ಅಧ್ಯಕ್ಷರ ನಾಲಿಗೆಗೆ ಒಗ್ಗಲಿಲ್ಲ. "ಈಗ ಟೀಚರ್ ಒಬ್ಬರು ಫ್ರೆಂಚ್ ಭಟ್ರ ಬಗ್ಗೆ ಹೇಳ್ತಾರೆ" ಎಂದುಬಿಟ್ಟರು. ನಮ್ಮ ಕರಾವಳಿಯಲ್ಲಿ ಭಟ್ರೆಂದರೆ ಅಡಿಗೆಯವರೂ ಹೌದಷ್ಟೆ. "ಹಾಗಾದ್ರೆ ಇವತ್ತು ಊಟ ಅವರದ್ದಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಸಭೆ ನಕ್ಕಿತು. ಟೀಚರ್ ನಗಲಿಲ್ಲ. ಮೇಜಿನ ಮೇಲೆ ಒಂದು ಮುದ್ದೆ ಮಣ್ಣಿಟ್ಟುಕೊಂಡು ಮಾತು ಆರಂಭಿಸಿದರು. ಮಾತಿನ ಜೊತೆ ಕೈಯೂ ಆಡುತ್ತಿತ್ತು. ಸಭಾಕಂಪನವಿರಬೇಕೆಂದು ನಾನೂ ಭಾವಿಸಿದೆ.

ಮುಪ್ಪಿನಲ್ಲಿ ಕಲಾವಿದನ ಕಣ್ಣು ಮಂಜಾದ ಕಥೆಗೆ ಬಂದಿದ್ದರಷ್ಟೆ. ಅಧ್ಯಕ್ಷರು ಕೈಯೆತ್ತಿ ಎದ್ದರು.

"ಖಲಾಸ್ ಟೀಚರ್, ಖಲಾಸ್! ಬಿರಿಯಾನಿ ತಣ್ಣಗಾಗ್ತದೆ."

"ಒಂದು ನಿಮಿಷ ಅಧ್ಯಕ್ಷರೇ. ಬಾಯಿ ಹಾಗೇ ಇಟ್ಕೊಳ್ಳಿ."

ಟೀಚರ್ ಹೆಬ್ಬೆರಳನ್ನು ಮಣ್ಣಿಗೆ ಒಮ್ಮೆ ಒತ್ತಿ, ಮುದ್ದೆಯನ್ನು ಸಭೆಯತ್ತ ತಿರುಗಿಸಿದರು. ಉಬ್ಬಿದ ಕೆನ್ನೆ, ಹಣೆಗೇರಿದ ಕನ್ನಡಕ, ಖಲಾಸ್ ಎನ್ನುತ್ತ ತೆರೆದ ಬಾಯಿ... ಸಾಕ್ಷಾತ್ ಅಧ್ಯಕ್ಷರು! ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿಯೇ.

"ಅಯ್ಯೋ, ಇವರೇ! ಟಿ.ವಿ. ಎದುರು ನಿದ್ದೆ ಮಾಡುವಾಗ್ಲೂ ಇದೇ ಬಾಯಿ! ನೀವು ಮುಂದೆ ಹೇಳಿ ಮಾರಾಯ್ರೆ, ಬಿರಿಯಾನಿ ಎಲ್ಲಿಗೂ ಓಡುದಿಲ್ಲ."

"ಸರಿ. ಖಲಾಸ್ ಆಯ್ತು, ಇನ್ನು ಕ್ಲಾಸ್" ಎಂದರು ಟೀಚರ್.

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಅವರು ಕೊನೆಯವರೆಗೂ ಹೇಳಿದರು, ಬಿರಿಯಾನಿ ತಣ್ಣಗಾಯಿತು, ಒಬ್ಬರೂ ಏಳಲಿಲ್ಲ. ಅಧ್ಯಕ್ಷರೂ ಕುಳಿತೇ ಕೇಳಬೇಕಾಯಿತು. ಅದನ್ನು ನಾನು ತಿರುಗಿ ತಿರುಗಿ ನೋಡಿದೆ. ಹೊರಡುವಾಗ ಟೀಚರ್ ಆ ತಲೆಯನ್ನು ನನ್ನ ಕೈಗಿತ್ತರು. "ನೀವೇ ಇಟ್ಕೊಳ್ಳಿ ಅಣ್ಣ. ನೀವು ಯಾವುದನ್ನೂ ಮರೆಯುವವರಲ್ಲ."

ನಿವೃತ್ತರಾಗಿ ಉಡುಪಿಗೆ ಹೋದ ಟೀಚರ್ ಹೋದ ವರ್ಷ ತೀರಿಕೊಂಡರು. 'ನಮ್ಮ ಸಂಘ ಬೆಳೆಸಿದ ಪ್ರತಿಭೆ' ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಅಧ್ಯಕ್ಷರು ಬರೆದರು. ಬೆಳೆಸಿದರಂತೆ!

ನೀರಿಗೆ ಅಧ್ಯಕ್ಷರ ಮೂಗು ಕರಗಿದೆ, ಕನ್ನಡಕವೂ ಹೋಗಿದೆ. ತಿದ್ದಿಕೊಡಬೇಕಾದ ಕೈ ಇಲ್ಲ... ಟೀಚರ್ ಒತ್ತಿದ ಬಾಯಿ ಮಾತ್ರ ಹಾಗೆಯೇ ತೆರೆದಿದೆ. ನನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದೆ. ಅವರದು ಸಣ್ಣ ಕೈ, ನನ್ನ ಬೆರಳು ಅದರೊಳಗೆ ಹಿಡಿಯಲಿಲ್ಲ. ಒಣಗಿದ ಮೇಲೆ ತಲೆಯನ್ನು ಬಾಗಿಲಿಗೆ ಎದುರಾಗಿ ಇಟ್ಟಿದ್ದೇನೆ. ಅಧ್ಯಕ್ಷರು ಮನೆಗೆ ಬಂದರೆ ಮೊದಲು ಕಾಣಬೇಕಾದದ್ದು ಅದೇ.