ಪಸಂದಿಗೆ ತಂದ ಎರಡು ಗಿಟಾರು

ನಮ್ಮ ಕಡೆ ಹಳೆಯ ಟ್ರ್ಯಾಕ್ಟರಿಗೆ ಹೊಸ ಬಣ್ಣ ಬಳಿದು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಹೊಸ ವಸ್ತುವಿಗೆ ಹಳೆಯ ಗಾಯ ಮಾಡಿ ಮಾರುವವರೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ಈಚೆಗೆ, ನಿಪ್ಪಾಣಿಯ ಒಂದು ವಾದ್ಯದ ಅಂಗಡಿಯಲ್ಲಿ. ಅಲ್ಲಿಯ ಗೋಡೆಗೆ ಎರಡು ಬೇಸ್ ಗಿಟಾರು ತೂಗುಹಾಕಿದ್ದರು. ಎರಡೂ ಕಾರ್ಖಾನೆಯಿಂದ ಬಂದು ತಿಂಗಳಾಗಿರಲಿಲ್ಲ, ಆದರೆ ಎರಡೂ ನನಗಿಂತ ವಯಸ್ಸಾದಂತೆ ಕಾಣುತ್ತಿದ್ದವು. ಒಂದು ಹಳೆಯ ಪಿಂಗಾಣಿಯ ಹಾಗೆ ಕೆನೆಬಣ್ಣದ್ದು. ತೋಳು ಊರುವ ಜಾಗದಲ್ಲಿ ಬಣ್ಣ ಸವೆದು ಒಳಗಿನ ಮರ ಕಾಣುತ್ತಿತ್ತು. ಇನ್ನೊಂದು ನಡುವೆ ಜೇನಿನ ಬಣ್ಣ, ಅಂಚಿಗೆ ಹೋಗುತ್ತ ಹೋಗುತ್ತ ಕಂದು, ಕೊನೆಗೆ ಕಪ್ಪು. ಅದರ ಸ್ಕ್ರೂಗಳಿಗೆ ಹದವಾಗಿ ತುಕ್ಕು ಹಿಡಿಸಿದ್ದರು. ಯಾರ ತೋಳೂ ಊರದೆ ಸವೆದಿದ್ದ ಆ ಕೆನೆಬಣ್ಣವನ್ನು ನೋಡಿ ನನಗೆ ಸ್ವಲ್ಪ ನಾಚಿಕೆಯಾಯಿತು. ನನ್ನ ನೆನಪುಗಳಲ್ಲಿ ಅರ್ಧದಷ್ಟು ಇದೇ ಜಾತಿಯವು ಎಂಬ ಗುಮಾನಿ ನನಗೆ ಬಹಳ ದಿನದಿಂದ ಇದೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ‘ಆಧಾರ ಎಲ್ಲಿದೆ?’ ಎಂದು ವಿದ್ಯಾರ್ಥಿಗಳನ್ನು ಪೀಡಿಸಿ ಸಂಬಳ ತೆಗೆದುಕೊಳ್ಳುತ್ತೇನೆ. ಸಂಜೆ ಮನೆಗೆ ಬಂದು ದಿನಚರಿ ಬರೆಯುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹತ್ತಿಕೊಂಡ ಚಟ ಇದು. ನನ್ನ ನೆನಪಿನ ಮೇಲೆ ನಾನು ಇಟ್ಟ ಪಹರೆ ಎಂದು ಬೇಕಾದರೆ ಅನ್ನಿ. ಎಷ್ಟೋ ಸಲ ನಾಲ್ಕು ಜನರ ಮುಂದೆ ರಂಗಾಗಿ ಹೇಳಿದ ಘಟನೆಯನ್ನು ಮನೆಗೆ ಬಂದು ತೆಗೆದು ನೋಡಿದರೆ, ದಿನಚರಿಯಲ್ಲಿ ಅದು ಬೇರೆಯವರಿಗೆ ಆಗಿರುತ್ತದೆ. ಆಗ ನಾನು ದಿನಚರಿಯನ್ನು ಮುಚ್ಚಿಡುತ್ತೇನೆ. ಘಟನೆಯನ್ನು ಹೇಳುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಐವತ್ತರ ಹೊಸ್ತಿಲಲ್ಲಿರುವ ಇತಿಹಾಸದ ಮೇಡಂಗೆ ಬೇಸ್ ಗಿಟಾರು ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಅಂಗಡಿಯ ದತ್ತೋಬಾ ಕೂಡ ಕೇಳಿದ. ಗಣಪತಿ ಹಬ್ಬದ ಮೆರವಣಿಗೆಗೆ ಬೆಂಜೋ ಪಾರ್ಟಿಯವರು ಬಿಟ್ಟರೆ ಈ ವಾದ್ಯವನ್ನು ಕೇಳಿಕೊಂಡು ಬರುವವರು ಅವನಿಗೆ ಗೊತ್ತಿಲ್ಲ. ನಾಲ್ಕೇ ತಂತಿ, ಅವೂ ದಪ್ಪ. ಬೇರೆ ಗಿಟಾರುಗಳಂತೆ ಮುಂದೆ ಬಂದು ಮೆರೆಯುವ ಸ್ವಭಾವ ಇದಕ್ಕಿಲ್ಲ. ತಂಬೂರಿಯ ಹಾಗೆ ಹಿಂದೆ ಕೂತು ಎಲ್ಲರನ್ನೂ ಹಿಡಿದಿಡುತ್ತದೆ. ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ನಿಂತರೆ ಮಾತ್ರ ಏನೋ ಕುಸಿದಂತಾಗಿ ಜನ ತಲೆ ಎತ್ತಿ ನೋಡುತ್ತಾರೆ.

ನನಗೆ ಅದು ಬೇಕಾದದ್ದು ಅಕ್ಕನಿಗಾಗಿ. ನನ್ನ ಅಕ್ಕ ಸುಶೀಲಾ ಕರೋಶಿಯಲ್ಲಿ ಇರುತ್ತಾಳೆ. ಊರಿನ ಸೋಮವಾರದ ಭಜನೆಯಲ್ಲಿ ಮೊದಲ ಹಾಡು ಅವಳದೇ ಎಂದು ವಾಡಿಕೆಯಾಗಿತ್ತು. ಒಂದೂವರೆ ವರ್ಷದ ಹಿಂದೆ ಅವಳ ಗಂಟಲಿನ ಗಡ್ಡೆ ತೆಗೆದರು. ಗಡ್ಡೆ ಕೆಟ್ಟದ್ದಲ್ಲ ಎಂದು ತಿಳಿದು ನಾವೆಲ್ಲ ಪೇಢೆ ಹಂಚಿದೆವು. ಆದರೆ ಆಮೇಲೆ ಅವಳ ದನಿ ಇಳಿಯಿತು. ಮೊದಲು ಎಳೆ ಎಳೆಯಾಗಿ ಮೇಲೆ ಹೋಗುತ್ತಿದ್ದ ದನಿ ಈಗ ತಗ್ಗಿನಲ್ಲೇ, ತುಸು ಒರಟಾಗಿ ಉಳಿಯಿತು. ಮೆಲ್ಲಗೆ ಗುನುಗಿ ರೂಢಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರೂ ಅವಳು ಬಾಯಿ ಬಿಡಲಿಲ್ಲ. ಭಜನೆಗೆ ಹೋಗುತ್ತಾಳೆ, ತಾಳ ಹಾಕುತ್ತಾಳೆ, ಎದ್ದು ಬರುತ್ತಾಳೆ. “ಗಂಡಸರ ದನಿ ಆಗೇತಬೇ ನಂದು. ಫೋನಿನ್ಯಾಗ ಎಲ್ಲಾರೂ ‘ಹಾಂ, ಬಾಬುರಾವ್’ ಅಂತಾರ,” ಎಂದು ನಗುತ್ತಾಳೆ. ಬಾಬುರಾವ್ ಅಂದರೆ ಅವಳ ಗಂಡ, ನನ್ನ ಮಾಮಾ.

ಒಂದು ದಿನ ಅವಲಕ್ಕಿಗೆ ಶೇಂಗಾ ಹುರಿಯುತ್ತ ಅಕ್ಕ ಸುಮ್ಮನೆ ಅಂದಳು: “ಧಾರವಾಡದಾಗ ನಾ ಹಾಡಿದಾಗ ನೀ ಬಾರ್ಸಿದ್ದೆಲ್ಲ, ದಪ್ಪ ದನೀದು. ಅಂಥಾದ್ದೊಂದು ಸಂಗಾಟ ಇದ್ರ ನೋಡಬೌದಿತ್ತು.” ಅಂದವಳೇ ಶೇಂಗಾ ಸೀದವು ಎಂದು ನನ್ನನ್ನೇ ಬೈದಳು. ಆದರೆ ಒಂದೂವರೆ ವರ್ಷದಲ್ಲಿ ಅವಳ ಬಾಯಿಂದ ಹಾಡಿನ ಮಾತು ಬಂದದ್ದು ಅದೇ ಮೊದಲು. ಆ ಮಾತು ಆರುವುದರೊಳಗೆ ನಾನು ನಿಪ್ಪಾಣಿಯ ಬಸ್ಸು ಹಿಡಿಯಬೇಕಾಗಿತ್ತು.

ಧಾರವಾಡದ ಆ ಸಂಜೆಯ ಕತೆಯನ್ನು ನನ್ನ ಪರಿಚಯದವರೆಲ್ಲ ಕೇಳಿದ್ದಾರೆ, ಕೆಲವರು ಎರಡು ಸಲ. ಅಕ್ಕ ನನ್ನ ಹಾಸ್ಟೆಲಿಗೆ ಬಂದಿದ್ದಳು. ಹಾಸ್ಟೆಲಿನ ವಾರ್ಷಿಕ ಕಾರ್ಯಕ್ರಮದಲ್ಲಿ ಅವಳು ಹಾಡಿದಳು. ಮೂರು ವಾರ ಯಾರದೋ ಬೇಸ್ ಗಿಟಾರಿನ ಮೇಲೆ ಬೆರಳು ಸವೆಸಿಕೊಂಡಿದ್ದ ನಾನು ಅವಳ ಪಕ್ಕದಲ್ಲಿ ನಿಂತು ನುಡಿಸಿದೆ. ಇಡೀ ಅಂಗಳ ಗುಂಯ್‌ಗುಟ್ಟಿತು. ಗಿಟಾರು ಕೆನೆಬಣ್ಣದ್ದು. ಅಂಥದ್ದನ್ನೇ ತಂದರೆ ಆ ಸಂಜೆಯೂ ಅದರ ಚೀಲದಲ್ಲೇ ಬರುತ್ತದೆ ಎಂದು ನಾನು ನಂಬಿದ್ದೆ. ಇತಿಹಾಸ ಓದಿದವರಿಗೆ ಇಂಥ ಮೂಢನಂಬಿಕೆ ತುಸು ಹೆಚ್ಚೇ ಇರುತ್ತದೆ.

ಅಂಗಡಿಯಲ್ಲಿ ಕೆನೆಬಣ್ಣದ್ದನ್ನು ಇಳಿಸಲು ಹೇಳಿದೆ. ದತ್ತೋಬಾ ಎರಡನ್ನೂ ಇಳಿಸಿದ. ಜೇನು-ಕಂದು ಬಣ್ಣದ್ದನ್ನು ತಟ್ಟಿ, “ಕಂಪನ್ಯಾವ್ರು ಇದಕ್ಕ ತಂಬಾಕದ ಕಲರ್ ಅಂತ ಹೆಸರ ಇಟ್ಟಾರ್ರಿ ಮ್ಯಾಡಮ್. ನಮ್ಮಪ್ಪ ನಲವತ್ತ ವರ್ಷ ತಂಬಾಕದ ವಖಾರದಾಗ ದುಡದಾನ. ಇಂಥಾ ತಂಬಾಕ ಬಂದಿದ್ರ ಗಾಡೀನ ಹೊಳ್ಳಿಸಿ ಕಳಸ್ತಿದ್ದ,” ಎಂದ. ತಂಬಾಕಿನ ಊರಿನಲ್ಲಿ ತಂಬಾಕಿನ ಬಣ್ಣ ಎಂದು ಹೇಳಿ ಪಾರಾಗಲು ಕಂಪನಿಯವರಿಗೂ ಸಾಧ್ಯವಿಲ್ಲ. ಕೆನೆಬಣ್ಣದ್ದರ ಸವೆದ ಜಾಗವನ್ನು ತೋರಿಸಿ ಇದೇನು ಎಂದರೆ, “ಫ್ಯಾಶನ್ ಅದು. ನಮ್ಮ ಹುಡುಗ್ರು ಹರಕ ಪ್ಯಾಂಟ್ ಹಾಕ್ಕೋತಾರಲ್ರಿ, ಹಂಗ,” ಎಂದ.

ನಾನು ಅತ್ತ ಇತ್ತ ನೋಡುತ್ತ ಅರ್ಧ ತಾಸು ಕಳೆದಮೇಲೆ ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. “ಎರಡೂ ಒಯ್ಯಿರಿ. ಮನ್ಯಾಗ ಎಲ್ಲಾರೂ ನೋಡ್ಲಿ. ಪಸಂದ ಬಿದ್ದದ್ದ ಇಟ್ಕೋರಿ, ಇನ್ನೊಂದ ಎಂಟ ದಿನದಾಗ ಹೊಳ್ಳಿ ಕೊಡ್ರಿ. ಸೀರಿ ಹಂಗ ಒಯ್ತೀರಿ, ಇದೇನ ಪಾಪ ಮಾಡೇತಿ?” ನಮ್ಮ ಊರುಗಳಲ್ಲಿ ಹೀಗೆ ಪಸಂದಿಗೆಂದು ಸೀರೆಯ ಗಂಟು ಮನೆಗೆ ಬರುವುದುಂಟು. ಹೆಂಗಸರೆಲ್ಲ ಸುತ್ತ ಕೂತು, ಮೈಮೇಲೆ ಹಾಕಿಕೊಂಡು, ಕೊನೆಗೆ ಯಾರೂ ಒಪ್ಪದ ಒಂದನ್ನು ಇಟ್ಟುಕೊಳ್ಳುತ್ತಾರೆ. ಹೀಗೆ ಎರಡು ಹೆಗಲಿಗೆ ಎರಡು ಗಿಟಾರು ಹಾಕಿಕೊಂಡು ಕರೋಶಿಯಲ್ಲಿ ಇಳಿದೆ. ಸ್ಪೀಕರನ್ನು ಮಾತ್ರ ದತ್ತೋಬಾ ಕೊಟ್ಟಿರಲಿಲ್ಲ; ಸೀರೆಯ ಜೊತೆ ಕನ್ನಡಿ ಕೊಡುವ ವಾಡಿಕೆ ಇಲ್ಲವಲ್ಲ.

ಮಾಮಾ ಗಾಣ ನಡೆಸುವವರು. ಚಳಿಗಾಲ ಪೂರ್ತಿ ಕಬ್ಬಿನ ಹಾಲಿನ ಕೊಪ್ಪರಿಗೆಯ ಮುಂದೆ ನಿಂತಿರುತ್ತಾರೆ. ಅವರು ಗಿಟಾರುಗಳನ್ನು ನೋಡಿದ ರೀತಿ ಎತ್ತು ಕೊಳ್ಳುವವರದು. ಒಂದೊಂದನ್ನೇ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರು. “ಈ ಕರೇದರ ಕತ್ತ ಭಾರ ಐತಿ. ಕೈ ಬಿಟ್ರ ಮುಂದ ಬಾಗತೈತಿ. ಬಿಳೇದು ನೆಟ್ಟಗ ನಿಂದರತೈತಿ. ಬಿಳೇದ ಇರ್ಲಿ.” ಆಮೇಲೆ ಸವೆದ ಜಾಗ ಅವರ ಕಣ್ಣಿಗೆ ಬಿತ್ತು. “ಮ್ಯಾಡಮ್ಮಾರ, ಮುದಿ ಎತ್ತ ಕಟ್ಯಾರಲ್ರಿ ನಿಮ್ಮ ಕೊಳ್ಳಿಗೆ! ಹಲ್ಲ ನೋಡಿದ್ರಿಲ್ಲೋ?”

“ಅದು ಹೊಸಾದು ಮಾಮಾ. ಬೇಕಂತನ ಹಂಗ ಮಾಡ್ಯಾರ.”

ಮಾಮಾ ಗಿಟಾರನ್ನು ಹೆಗಲಿನಿಂದ ಇಳಿಸಿ ಕಟ್ಟೆಗೆ ಒರಗಿಸಿದರು. ಓದಿದವರ ಬಗ್ಗೆ ಅವರಿಗಿದ್ದ ಅನುಮಾನಗಳಲ್ಲಿ ಒಂದು ಅವತ್ತು ಖಾತ್ರಿಯಾಯಿತು.

ಅಕ್ಕ ದೂರದಿಂದಲೇ ತಂಬಾಕಿನ ಬಣ್ಣದ್ದನ್ನು ತೋರಿಸಿ, “ಅದ ಅದು. ಧಾರವಾಡದಾಗಿಂದು ಹಂಗ ಇತ್ತು, ಸುಟ್ಟ ಬೆಲ್ಲದ ಬಣ್ಣ,” ಎಂದಳು. ಕೆನೆಬಣ್ಣ ಎಂದು ನಾನು ವಾದಿಸಿದೆ. “ನಿನಗ ನಿನ್ನ ಲಗ್ನದ ಸೀರಿ ಬಣ್ಣನ ನೆನಪಿಲ್ಲ,” ಎಂದಳು. ಇದು ನಿಜ, ದಿನಚರಿಯಲ್ಲೂ ಇದಕ್ಕೆ ಆಧಾರವಿದೆ.

ಆಧಾರ ಎಂದೊಡನೆ ಇಬ್ಬರಿಗೂ ದಿನಚರಿಯ ನೆನಪಾಯಿತು. ನಾನು ಆ ವರ್ಷದ ದಿನಚರಿಯನ್ನು ತೆರೆಯುವುದನ್ನು ಬಹಳ ದಿನದಿಂದ ತಪ್ಪಿಸಿಕೊಂಡು ಬಂದಿದ್ದೆ. ಮರುದಿನ ಚಿಕ್ಕೋಡಿಯ ಮನೆಯ ಟ್ರಂಕು ಬಗೆದು ಅದನ್ನು ಕರೋಶಿಗೆ ಒಯ್ದೆ. ಅಕ್ಕನ ಮುಂದೆಯೇ ಓದಿದೆ: “ಅಕ್ಕ ಬಹಳ ಚೆನ್ನಾಗಿ ಹಾಡಿದಳು. ನನ್ನ ಗಿಟಾರಿನ ವೈರನ್ನು ಸ್ಪೀಕರಿಗೆ ಸಿಕ್ಕಿಸಿರಲೇ ಇಲ್ಲ ಎಂದು ಕೆಳಗೆ ಇಳಿದ ಮೇಲೆ ಗೊತ್ತಾಯಿತು. ಯಾರೂ ಏನೂ ಅನ್ನಲಿಲ್ಲ. ಯಾರಿಗೂ ವ್ಯತ್ಯಾಸ ಗೊತ್ತಾದಂತಿಲ್ಲ. ಊಟಕ್ಕೆ ಜಿಲೇಬಿ ಇತ್ತು. ಸ್ವಲ್ಪ ಹೆಚ್ಚು ಕೆಂಪಾಗಿತ್ತು.”

ಜಿಲೇಬಿಯ ಬಣ್ಣ ಬರೆದಿದ್ದೆ. ಗಿಟಾರಿನದು ಬರೆದಿರಲಿಲ್ಲ.

ಇಡೀ ಅಂಗಳ ಗುಂಯ್‌ಗುಟ್ಟಿದ್ದನ್ನು ಇಷ್ಟು ವರ್ಷ ನಾನು ಎಲ್ಲಿಂದ ತಂದು ಹೇಳುತ್ತಿದ್ದೆನೋ! ಯಾರ ತೋಳೂ ಊರದ ಜಾಗದಲ್ಲಿ ಸವೆದ ಬಣ್ಣ ಅದು. ಮಾಮಾ ನಗಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು, ಮತ್ತೆ ತಡೆಯಲಾರದೆ ತೆರೆದರು. ನನಗೆ ನನ್ನ ಕತೆ ಹೋದದ್ದಕ್ಕಿಂತ ಹೆಚ್ಚಾಗಿ, ಅಕ್ಕ ಹಿಡಿಯಬೇಕೆಂದಿದ್ದ ಆಸರೆಯನ್ನು ನಾನೇ ಓದಿ ಕಳೆದೆನಲ್ಲ ಎಂದು ಹೆದರಿಕೆಯಾಯಿತು. ಆದರೆ ಅಕ್ಕ ಶಾಂತವಾಗಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ನನಗ ಕೇಳಾಕತ್ತಿತ್ತು,” ಎಂದಳು.

“ವೈರ ಇರ್ಲಿಲ್ಲಕ್ಕಾ.”

“ಮಂದಿಗಿ ಇರ್ಲಿಲ್ಲ. ನಾ ನಿನ್ನ ಬಾಜೂಕ ನಿಂತಿದ್ನೆಲ್ಲ. ಕಟಗಿಯೊಳಗಿಂದ ಬರ್ತಿತ್ತು.”

ಮಾಮಾ ಎದ್ದು ನಿಂತರು. “ಹಂಗಂದ್ರ ಮುಗೀತು. ಬಣ್ಣ ಬ್ಯಾಡ, ವೈರ ಬ್ಯಾಡ. ಪಾಕ ನೋಡಿದಂಗ ನೋಡೋಣು.” ಬೆಲ್ಲದ ಪಾಕ ಬಂತೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡುವುದಿಲ್ಲ. ಕೊಪ್ಪರಿಗೆಯಿಂದ ಒಂದಿಷ್ಟು ತೆಗೆದು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ಗಟ್ಟಿ ಜಾಗಕ್ಕೆ ಬಡಿದು ಸಪ್ಪಳ ಕೇಳುತ್ತಾರೆ. ಆ ಸಪ್ಪಳ ಬಂದ ಗಳಿಗೆಗೆ ಕೊಪ್ಪರಿಗೆ ಇಳಿಯಬೇಕು. ಹೆಚ್ಚುಕಡಿಮೆಯಾದರೆ ಇಡೀ ಹದ ಕೆಡುತ್ತದೆ. ಅಂಥ ಕಿವಿಯ ಮುಂದೆ ಕಂಪನಿಯ ಸುಳ್ಳು ತುಕ್ಕು ಏನು ಮಾಡೀತು? ಅವರು ಒಂದು ಗಿಟಾರನ್ನು ಕಟ್ಟೆಯ ಮೇಲೆ ಒರಗಿಸಿ, ಹಿಂಬದಿಗೆ ಕಿವಿ ಇಟ್ಟು ಕೂತರು. ಅದು ಜಾರುತ್ತಿತ್ತು. “ಏ, ನೀ ಹಿಡೀ ಇದನ್ನ,” ಎಂದು ಅಕ್ಕನನ್ನು ಕರೆದರು. ಅಕ್ಕ ಸೊಪ್ಪಿನ ಕೈ ಒರೆಸಿಕೊಂಡು ಬಂದು ಅದನ್ನು ಎರಡೂ ಕೈಯಿಂದ ತಬ್ಬಿ, ಗಿಟಾರಿನ ಮೈ ಮೇಲ್ಗಡೆ ಕೊಂಬಿನಂತೆ ಚಾಚಿದ ಕಡೆ ಗದ್ದ ಊರಿದಳು. ನಾನು ಬಗ್ಗಿ ದಪ್ಪ ತಂತಿಯನ್ನು ಮೀಟಿದೆ. ನನಗೆ ಕೇಳಿಸಿದ್ದು ನೊಣದ ಗುಂಯ್ಯಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಅಕ್ಕ ಕಣ್ಣು ಮುಚ್ಚಿದಳು. ಗದ್ದದ ಎಲುಬಿನಿಂದ ಒಳಗೆ ಹೋದ ದನಿ ಎಲ್ಲಿ ಮುಟ್ಟಿತೋ, ಗಂಟಲಿನಿಂದ ಅದೇ ಎತ್ತರದ, ಅಲ್ಲ, ಅದೇ ತಗ್ಗಿನ ಒಂದು ಗುನುಗು ಹೊರಟಿತು. ಒರಟಾಗಿತ್ತು, ಅಲುಗದೆ ನಿಂತಿತ್ತು. ನಾನು ಎರಡನೆಯ ತಂತಿ ಮೀಟಿದೆ. ಅಲ್ಲಿಗೂ ಬಂದಳು. ಮಾಮಾ ಗಿಟಾರಿನ ಬೆನ್ನಿಗೆ ಕಿವಿ ಇಟ್ಟುಕೊಂಡೇ ಇದ್ದರು. ಈಗ ಅವರು ಯಾವ ವಾದ್ಯವನ್ನು ಕೇಳುತ್ತಿದ್ದಾರೆ ಎಂದು ನನಗೂ ಗೊತ್ತಿತ್ತು.

ಅಕ್ಕ ಒಮ್ಮೆಲೇ ಕಣ್ಣು ತೆರೆದಳು. “ನಾ ಏನ ಹಾಡಾಕತ್ತಿಲ್ಲ ಮತ್ತ. ಯಾವುದ ಛಲೋ ಐತಿ ಅಂತ ನೋಡಾಕತ್ತೇನಿ.”

“ಅದಕ್ಕನ ಕೇಳಾಕತ್ತೇನಿ ನಾನೂ,” ಎಂದರು ಮಾಮಾ. “ಇದರದು ಇನ್ನಾ ತಿಳೀವಲ್ದು. ಇನ್ನೊಮ್ಮಿ ಆಗ್ಲಿ.”

ಇನ್ನೊಮ್ಮೆ ಆಯಿತು. ಇನ್ನೊಂದು ಗಿಟಾರಿನ ಮೇಲೂ ಆಯಿತು. ಮರುದಿನ ಸಂಜೆ ಚಹಾ ಆದಮೇಲೆ ಅಕ್ಕ ತಾನೇ ಕೇಳಿದಳು: “ಅವೆರಡು ನೋಡೂದು ಇನ್ನಾ ಉಳದೈತಲ್ಲ?” ಉಳಿದಿತ್ತು. ಮೂರನೆಯ ದಿನ ಗುನುಗಿಗೆ ಮಾತು ಬಂತು, ಸೋಮವಾರದ ಭಜನೆಯ ಮೊದಲ ಎರಡು ಸಾಲು. ಅದೂ ಪರೀಕ್ಷೆಗಾಗಿಯೇ. ಬರೀ ಗುನುಗಿದರೆ ಗಿಟಾರಿನ ಗುಣ ಪೂರ್ತಿ ತಿಳಿಯುವುದಿಲ್ಲ ಎಂದು ಅವಳೇ ತೀರ್ಮಾನಿಸಿದ್ದಳು.

ಎಂಟು ದಿನ ಮುಗಿದು ದತ್ತೋಬಾನ ಫೋನು ಬಂತು. ನಾನು ಏನು ಹೇಳಲಿ ಎಂದು ತಡವರಿಸುವಾಗ ಮಾಮಾ ಫೋನು ಕಸಿದುಕೊಂಡರು. “ಇನ್ನಾ ಪಾಕ ಬಂದಿಲ್ರಿ ದತ್ತೋಬಾ. ಗಡಬಡಿ ಮಾಡಿದ್ರ ಹದಾ ಕೆಡತೈತಿ,” ಎಂದರು. ಆ ಕಡೆಯಿಂದ ಏನು ಬಂತೋ, “ಹಾಂ ಹಾಂ, ಇನ್ನೊಂದ ಎಂಟ ದಿನ,” ಎಂದು ಇಟ್ಟರು. ಎರಡನ್ನೂ ಇಟ್ಟುಕೊಂಡರೆ ಹೇಗೆ ಎಂದು ನಾನು ಪಿಸುಗುಟ್ಟಿದರೆ, ಮಾಮಾ ಗದರಿದರು: “ಎರಡೂ ಇಟ್ಕೊಂಡ್ರ ನೋಡೂದ ಏನ ಉಳೀತೈತಿ? ಶಾಣ್ಯಾ ಇದ್ದೀಯೋ, ಬರೇ ಓದೀಯೋ?”

ಒಂದು ಮಾತು ಇನ್ನೂ ಹೇಳಿಲ್ಲ, ಹೇಳಲು ಸಂಕೋಚ. ಅಕ್ಕ ಮೊದಲು ಗುನುಗಿದ ಆ ಸಂಜೆ ನಾನು ಚಿಕ್ಕೋಡಿಗೆ ಬಂದು ದಿನಚರಿಯಲ್ಲಿ ಎರಡು ಪುಟ ಬರೆದೆ. ಮೆಂತ್ಯದ ಸೊಪ್ಪು ಬರೆದೆ. ಮಾಮಾ ಕಿವಿ ಇಟ್ಟ ಬಗೆ, ಅಕ್ಕ ಗದ್ದ ಊರಿದ ಜಾಗ, ಎಷ್ಟು ತಂತಿ, ಎಷ್ಟು ಸಲ, ಎಲ್ಲ ಬರೆದೆ. ಮೊನ್ನೆ ತೆಗೆದು ನೋಡುತ್ತೇನೆ: ಅದು ಯಾವ ಗಿಟಾರು ಎಂದೇ ಬರೆದಿಲ್ಲ. ಅಕ್ಕ ಸುಟ್ಟ ಬೆಲ್ಲದ ಬಣ್ಣದ್ದು ಎನ್ನುತ್ತಾಳೆ. ಮಾಮಾ ಬಿಳಿಯದು ಎಂದು ಆಣೆ ಹಾಕಲು ತಯಾರಿದ್ದಾರೆ. ಈ ಸಲ ನನಗೆ ಬಣ್ಣ ಸ್ಪಷ್ಟವಾಗಿ ನೆನಪಿದೆ, ಧಾರವಾಡದ ಕೆನೆಬಣ್ಣ ನೆನಪಿದ್ದಷ್ಟೇ ಸ್ಪಷ್ಟವಾಗಿ. ಅದಕ್ಕೇ ನಾನು ಬಾಯಿ ಬಿಟ್ಟಿಲ್ಲ. ಇಂದು ಸಂಜೆ ಮತ್ತೆ ಕರೋಶಿಗೆ ಹೋಗಬೇಕು. ಎರಡನ್ನೂ ಇನ್ನೊಮ್ಮೆ ನೋಡುವುದಿದೆ.