ಬರ್ರಿ ಎಂದರೆ ಬರುವ ನಾಯಿಗಳು

ಬೆಳಿಗ್ಗೆ ಒಗೆದು ಬಾಲ್ಕನಿಯಲ್ಲಿ ಹರವಿದ್ದ ಬಿಳಿ ದುಪಟ್ಟಾದ ಮೇಲೆ ಸಂಜೆ ಕಪ್ಪು ಎಳೆಗಳು ಕೂತಿದ್ದವು. ಸುಟ್ಟ ಹುಲ್ಲಿನ ಬೂದಿ. ಬೆರಳು ತಾಗಿದೊಡನೆ ಪುಡಿಯಾಗಿ ಬಟ್ಟೆಗೆ ಇಳಿಯಿತು. ಪುಣೆಯಂಚಿನ ಹಿಂಜವಾಡಿಯ ಆಚೆಯ ಗುಡ್ಡದಲ್ಲಿ ಎಲ್ಲೋ ಬೆಂಕಿ ಬಿದ್ದಿರಬೇಕು. ಆ ಸುಟ್ಟ ವಾಸನೆಯೊಂದಿಗೆ ಕಾಕು ಅವರ ದನಿ ನೆನಪಿಗೆ ಬಂತು...

ಪುಣೆಗೆ ಎಂ.ಎಸ್‌ಸಿ. ಓದಲು ಬಂದಾಗ ಗುಡ್ಡದ ಬುಡದ ಹಳೆಯ ಕಟ್ಟಡವೊಂದರಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಕೆಳಗಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ವಿಜಯಪುರದ ಕಡೆಯವರು. ಬಟ್ಟೆ ಅಂಗಡಿ ನಡೆಸುತ್ತಿದ್ದ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಇಡೀ ಕಟ್ಟಡ ಅವರನ್ನು ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು; ನಾನೂ ಹಾಗೇ ಕರೆದೆ. ನಾನು ತುಮಕೂರಿನವಳು ಎಂದು ತಿಳಿದ ದಿನ ಅವಲಕ್ಕಿ ಚೂಡಾ ತುಂಬಿದ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. "ಒಳಗೆ ಬನ್ನಿ" ಎಂದೆ.

"ಬನ್ನಿ ದಸರಾಕ್ಕ ಕೊಡೋದವಾ," ಎಂದು ನಕ್ಕರು. "ನಮ್ಮ ಕಡೆ ಬನ್ನಿ ಅಂದ್ರ ಗಿಡ. ಮಂದಿಗೆ ಬರ್ರಿ ಅಂತೀವಿ."

ನಾಯಿಗಳಿಗೂ ಅವರು ಬರ್ರಿ ಎಂದೇ ಹೇಳುತ್ತಿದ್ದರು. "ಉಣ್ಣಾಕ ಬರ್ರೀ..." ಎಂದು ದನಿ ಎಳೆದರೆ ಗುಡ್ಡದ ಪೊದೆಗಳ ನಡುವಿನಿಂದ ಅವು ಒಂದೊಂದಾಗಿ ಇಳಿದು ಬರುತ್ತಿದ್ದವು. ನಾಯಿಗಳಿಗೂ ಬಹುವಚನವೇ ಎಂದು ಮೇಲಿನ ಮನೆಯ ಮರಾಠಿ ಗೃಹಸ್ಥರು ಕೆಣಕುತ್ತಿದ್ದರು: "ಕಾಕೂ, ಕುತ್ರ್ಯಾಂನಾಪಣ ಅಹೋ-ಜಾಹೋ?" ಕಾಕು ಮರಾಠಿಯಲ್ಲಿ ಏನೋ ಉತ್ತರಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ್ದರು: "ನಮ್ಮನಿಯವರಿಗೂ ರೀ ಅಂತಿದ್ದೆ. ಕರದಾಗ ಒಮ್ಮೆನೂ ಬರಲಿಲ್ಲ. ಇವು ಬರತಾವ."

ಹೋಳಿಯ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಹಳದಿಯಾಗುತ್ತಿತ್ತು. ಯಾರೋ ಎಸೆದ ಬೀಡಿಗೆ, ಇಲ್ಲವೇ ಹೊಸ ಹುಲ್ಲು ಚಿಗುರಲಿ ಎಂದು ಯಾರೋ ಗೀರಿದ ಕಡ್ಡಿಗೆ, ಪ್ರತಿ ಬೇಸಗೆಯೂ ಅಲ್ಲಿ ಬೆಂಕಿ ಬೀಳುತ್ತಿತ್ತು. ಅದಕ್ಕೆ ಮೊದಲೇ ಕಾಕು ಊಟ ಹಾಕುವ ಜಾಗ ಬದಲಿಸುತ್ತಿದ್ದರು. ಗುಡ್ಡದ ಮೇಲಿನ ಬಂಡೆಯನ್ನು ಬಿಟ್ಟು, ಕೆಳಗೆ ನೀರಿನ ಟಾಕಿಯ ಪಕ್ಕದ ಬರಿನೆಲದಲ್ಲಿ, ಬಿಸಿಲೇರುವ ಮುನ್ನ ಹಾಕುವರು. ಉಂಡ ನಾಯಿ ಅಲ್ಲೇ ನೆರಳಿಗೆ ಮಲಗುತ್ತದೆ, ಮಧ್ಯಾಹ್ನ ಗುಡ್ಡ ಹತ್ತುವುದಿಲ್ಲ ಎಂಬುದು ಅವರ ನಂಬಿಕೆ. ವಾಚ್‌ಮನ್ ಒಮ್ಮೆ ಒಂದನ್ನು ಮರಕ್ಕೆ ಕಟ್ಟಿದಾಗ ಜಗಳವಾಡಿ ಬಿಚ್ಚಿಸಿದ್ದರು. "ಕಟ್ಟಿದ ನಾಯಿ ಎತ್ತ ಓಡಬೇಕು, ಹೇಳು?" ಎಂದು ನನ್ನನ್ನು ಕೇಳಿದ್ದರು.

ನನ್ನ ಎರಡನೆಯ ಬೇಸಗೆಯಲ್ಲಿ ಕಾಕು ಅವರ ಗಂಟಲು ಕಟ್ಟಿತು. ದನಿಯೇ ಇಲ್ಲ. ಆಗಲೇ ಒಂದು ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿತ್ತು. ಉಳಿದ ನಾಯಿಗಳೆಲ್ಲ ಟಾಕಿಯ ಬಳಿ ಇದ್ದವು. ಆಗಷ್ಟೇ ಮರಿ ಹಾಕಿದ್ದ ಕೆಂಚಿ ಮಾತ್ರ ಮೇಲೆ, ಬಂಡೆಯ ಸಂದಿನಲ್ಲಿತ್ತು. ಹಸಿ ಟೊಂಗೆಗಳಿಂದ ಬೆಂಕಿ ಬಡಿಯುತ್ತಿದ್ದ ಜನ ಮರಾಠಿಯಲ್ಲಿ "ಯೇ, ಯೇ" ಎಂದು, ಅಂದರೆ ಬಾ ಬಾ ಎಂದು, ಅದನ್ನು ಕೂಗಿದರು. ತಲೆ ಹೊರಗೆ ಹಾಕಿದ ಕೆಂಚಿ ಮತ್ತೆ ಒಳಗೆ ಸರಿಯಿತು. ಹೊಗೆಯಲ್ಲಿ ಯಾರೂ ಅಲ್ಲಿಗೆ ಹತ್ತುವಂತಿರಲಿಲ್ಲ.

ಕಾಕು ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದರು, "ನೀ ಕರಿ."

ತರಗತಿಯಲ್ಲೂ ನಾನು ದನಿ ಎತ್ತಿದವಳಲ್ಲ. "ಬನ್ನಿ... ಊಟಕ್ಕೆ ಬನ್ನಿ," ಎಂದೆ. ಬಂಡೆಯ ಕಡೆ ಏನೂ ಅಲುಗಲಿಲ್ಲ.

ಕಾಕು ನನ್ನ ಬೆನ್ನಿಗೆ ಗುದ್ದಿದರು. "ಗಿಡಾ ಯಾಕ ಕರಿತಿ? ಬರ್ರಿ ಅನ್ನು. ಎಳದು ಅನ್ನು."

"ಉಣ್ಣಾಕ ಬರ್ರೀ..." ಎಂದು ಕೂಗಿದೆ. ಅವರು ಎಳೆಯುತ್ತಿದ್ದ ಹಾಗೆಯೇ ಎಳೆದೆ. ಕೂಗಿದಂತೆಲ್ಲ ಹೊಗೆ ಗಂಟಲಿಗೆ ಇಳಿಯುತ್ತಿತ್ತು. ಕೆಂಚಿ ಹೊರಗೆ ಬಂತು. ಬಾಯಲ್ಲೊಂದು ಮರಿ ಕಚ್ಚಿಕೊಂಡು ಬಿಸಿ ಬೂದಿಯ ಮೇಲೆ ಓಡಿ ಇಳಿದು, ಅದನ್ನು ಕಾಕು ಅವರ ಕಾಲ ಬಳಿ ಇಟ್ಟು, ಮತ್ತೆ ಮೇಲಕ್ಕೆ ತಿರುಗಿತು. ಅಷ್ಟರಲ್ಲಿ ಬೆಂಕಿ ಬಂಡೆಯನ್ನು ಸುತ್ತಿಕೊಂಡಿತ್ತು. ಕಾಕು ನೆಲಕ್ಕೆ ಕೂತು ಎರಡೂ ತೋಳುಗಳಲ್ಲಿ ಕೆಂಚಿಯನ್ನು ತಬ್ಬಿ ಹಿಡಿದರು. ಕೈ ಕಚ್ಚಿದರೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬರೇ ಮೇಲೆ ಹೋಗಿ ಬಂದರು. ಸಂದಿನಲ್ಲಿ ಇನ್ನೂ ಎರಡು ಮರಿಗಳಿದ್ದವಂತೆ.

"ಅವಕ್ಕಿನ್ನೂ ಭಾಷಾ ಬಂದಿದ್ದಿಲ್ಲವಾ," ಎಂದರು. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಅನ್ನ ಕಲಸುತ್ತಿದ್ದರು.

ನನಗೆ ಕೆಲಸ ಸಿಕ್ಕಿ ಹಿಂಜವಾಡಿಯ ಈ ಕಡೆ ಬಂದೆ. ಹಳೆಯ ಕಟ್ಟಡ ಕೆಡವಿದರು. ಕೆಂಚಿಯೂ ಅದರ ಮಗಳೂ ಏನಾದವೋ... ಕಾಕು ಸೊಲ್ಲಾಪುರದ ತಂಗಿಯ ಮನೆಗೆ ಹೋದರು. ದಸರಾಕ್ಕೆ ತಪ್ಪದೆ ಫೋನ್ ಮಾಡಿ, "ಬನ್ನಿ ತಗೋವಾ," ಎನ್ನುತ್ತಿದ್ದರು. ಹೋದ ದಸರಾಕ್ಕೆ ಫೋನ್ ಬರಲಿಲ್ಲ. ನಾನೇ ಮಾಡಿದೆ. ಎತ್ತಿದವರು ಅವರ ತಂಗಿ. ಮಳೆಗಾಲದಲ್ಲೇ ತೀರಿಕೊಂಡರು ಎಂದರು.

ಇಂದು ದುಪಟ್ಟಾ ಮತ್ತೆ ನೆನೆಸಿಟ್ಟು, ಅನ್ನಕ್ಕೆ ಮೊಸರು ಕಲಸಿ ಕೆಳಗಿಳಿದೆ. ಗೇಟಿನಾಚೆಯ ಖಾಲಿ ಜಾಗದಲ್ಲಿ, ಒಣಹುಲ್ಲಿನ ನಡುವೆ ನಾಯಿಗಳು ಮಲಗಿದ್ದವು. ಕಂಪನಿಯ ಕ್ಯಾಬೊಂದು ದಾಟಿ ಹೋಗುವವರೆಗೆ ಕಾದು, "ಉಣ್ಣಾಕ ಬರ್ರೀ," ಎಂದೆ. ಒಂದು ನಾಯಿ ಕಿವಿ ನಿಮಿರಿಸಿ ನೋಡಿತು. ಮತ್ತೆ ತಲೆ ಕೆಳಗಿಟ್ಟಿತು.

ತಟ್ಟೆಯನ್ನು ಹುಲ್ಲಿಲ್ಲದ ಸಿಮೆಂಟಿನ ಮೇಲಿಟ್ಟು ಇನ್ನೊಮ್ಮೆ ಕರೆದೆ, ಎಳೆದು. ಈ ಊರಿನಲ್ಲಿ ಆ ಮಾತಿಗೆ ಓಗೊಡುವವರು ಈಗ ಯಾರೂ ಇಲ್ಲ. ನಾಳೆಯೂ ಕರೆಯಬೇಕು.