ದೊರೊತಾಳ ‘ಬತ್ತೆ’

ಬೀಜಾಡಿಯ ಗೌರೀಶನನ್ನು ಮದುವೆಯಾಗಿ ಪೋಲೆಂಡಿನಿಂದ ಬಂದ ದೊರೊತಾ, ಕಲಿತಷ್ಟು ಕುಂದಾಪ್ರ ಕನ್ನಡವನ್ನು ಸಿಕ್ಕವರ ಮೇಲೆಲ್ಲ ಪ್ರಯೋಗಿಸುತ್ತಾಳೆ. ಬೆಳ್ಳಂಬೆಳಗ್ಗೆ ಹಾಲಿನ ಡೇರಿಯಲ್ಲಿ ಎಲ್ಲರಿಗೂ ‘ಊಟ ಆಯ್ತಾ?’ ಎನ್ನುತ್ತಾಳೆ. ಜನ ನಕ್ಕರೆ ಅವರಿಗಿಂತ ಜೋರಾಗಿ ನಕ್ಕು, ‘ನೆಗಾಡಿ, ಅಡ್ಡಿಲ್ಲೆ. ಕಡಿಗೆ ಹೇಳಿಕೊಡಿ’ ಎಂದು ಅಲ್ಲೇ ನಿಲ್ಲುತ್ತಾಳೆ. ಅವಳಿಗೆ ಎಲ್ಲಕ್ಕಿಂತ ಇಷ್ಟದ ಮಾತು, ಹೊರಡುವಾಗ ‘ಬರುತ್ತೇನೆ’ ಎನ್ನಲು ಹೇಳುವ ‘ಬತ್ತೆ’. ಬಸ್ಸಿಳಿದರೆ ಕಂಡಕ್ಟರನಿಗೆ ಬತ್ತೆ, ಮೀನು ಕೊಂಡರೆ ಮಾರುವ ಗೋಮತಿಗೆ ಬತ್ತೆ, ಬುಟ್ಟಿಯಲ್ಲಿ ಉಳಿದ ಬಂಗುಡೆಗೂ ಬತ್ತೆ. ಮೊನ್ನೆ ಗೋಮತಿಯ ಗಂಡ ತೀರಿಕೊಂಡಾಗ ಬಂದ ದೊರೊತಾ ಅವಳ ಕೈ ಹಿಡಿದು, ಎದ್ದು ಹೋಗುವವರನ್ನು ನೋಡುತ್ತ ತುಂಬ ಹೊತ್ತು ಕೂತಳು. ಅವಳು ಎದ್ದಾಗ ನಾವೆಲ್ಲ ಅವಳ ಬಾಯಿಯನ್ನೇ ನೋಡಿದೆವು. ಸಾವಿನ ಮನೆಯಲ್ಲಿ ಆ ಮಾತು ಆಡಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ದೊರೊತಾ ಏನೂ ಹೇಳದೆ ಅಂಗಳ ದಾಟಿದಳು. ಗೋಮತಿ ಕಣ್ಣೊರೆಸಿಕೊಂಡು, ‘ಹೆಣ್ಣಿಗ್ ನಮ್ ಭಾಷಿ ಬಂತ್’ ಎಂದಳು.